ತಾರಸಿಯ ಮೇಲಿನ ತೊಟ್ಟಿಕ್ಕುವ ಪೈಪು

ಪೀಣ್ಯದ ಹತ್ತಿರ ನಾವು ಕೊಂಡ ಹಳೇ ಮನೆಯ ಜೊತೆ ತಾರಸಿಯ ಮೇಲಿದ್ದ ಸೋಲಾರ್ ಹೀಟರೂ ನಮ್ಮ ಕೊರಳಿಗೆ ಬಿತ್ತು. ಯಾರು ಮಾಡಿದ್ದೋ, ಎಷ್ಟು ವರ್ಷದ್ದೋ, ಅಂಟಿಸಿದ್ದ ಚೀಟಿ ಬಿಸಿಲಿಗೆ ಉದುರಿಹೋಗಿತ್ತು. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತು ವರ್ಷ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ನಿವೃತ್ತನಾದವನು ನಾನು. ನನ್ನ ತಾರಸಿಯಲ್ಲೇ ನನಗೆ ಗುರುತು ಸಿಗದ ಸಾಮಾನು ಇದೆಯೆಂದರೆ ಸುಮ್ಮನಿರುವುದು ಹೇಗೆ?

ಮಗಳು ಬಾಣಂತನಕ್ಕೆ ಬಂದಿದ್ದಳು. ತಾಯಿಗೂ ಕೂಸಿಗೂ ದಿನಾ ಬಕೆಟ್ಟುಗಟ್ಟಲೆ ಬಿಸಿನೀರು ಬೇಕು. ನಲ್ಲಿಯಲ್ಲಿ ನೀರು ಜೋರಾಗಿ ಬರಲೆಂದು ತಾರಸಿಯ ತಣ್ಣೀರಿನ ಟ್ಯಾಂಕನ್ನು ಆಗಷ್ಟೇ ಎತ್ತರ ಮಾಡಿಸಿದ್ದೆ. ಆ ಹೊತ್ತಿನಲ್ಲೇ, ಹೀಟರಿನ ಟ್ಯಾಂಕಿನ ನೆತ್ತಿಯಲ್ಲಿ ನಿಂತಿದ್ದ ತೆಳು ಪೈಪೊಂದರ ತುದಿಯಿಂದ ನೀರು ತೊಟ್ಟಿಕ್ಕುವುದು ಕಣ್ಣಿಗೆ ಬಿತ್ತು. ಅದಕ್ಕೆ ನಲ್ಲಿಯೂ ಇಲ್ಲ, ಮುಚ್ಚಳವೂ ಇಲ್ಲ. ಕೂಸಿನ ನೀರು ಹೀಗೆ ಪೋಲಾಗುತ್ತಿದೆಯಲ್ಲ ಎಂದು ಮೈಯೆಲ್ಲ ಉರಿಯಿತು.

ಹತ್ತು ಸಲ ಮೆಟ್ಟಿಲು ಹತ್ತಿಳಿದೆ. ಒಳಬರುವ ತಣ್ಣೀರಿನ ಪೈಪು ಗೊತ್ತಾಯಿತು, ಬಚ್ಚಲಿಗಿಳಿಯುವ ಬಿಸಿನೀರಿನದೂ ಗೊತ್ತಾಯಿತು. ಇದೊಂದು ಮಾತ್ರ ಟ್ಯಾಂಕಿನಿಂದ ಹೊರಟು ಎಲ್ಲಿಗೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೂ ಅದೇ ಯೋಚನೆ, ಪೇಪರ್ ಹಿಡಿದರೂ ಅದೇ.

"ರೀ, ಪ್ಲಂಬರ್‌ನ ಕರೀಬಾರ್ದಾ?" ಎಂದಳು ಹೆಂಡತಿ.

"ನಂಗೆ ಗೊತ್ತಿಲ್ಲದ್ದು ಅವನಿಗೇನೇ ಗೊತ್ತಿರತ್ತೆ?" ಎಂದು ರೇಗಿದೆ.

ಮರುದಿನ ಬೆಳಿಗ್ಗೆ ಅಂಗಡಿಯಿಂದ ಒಂದು ಮುಚ್ಚಳ ತಂದು ಪೈಪಿನ ಬಾಯಿಗೆ ಬಿಗಿದೆ. ತೊಟ್ಟಿಕ್ಕುವುದು ನಿಂತಿತು. "ಹಳೇ ಮಾಲೀಕನಿಗೆ ಇಷ್ಟೂ ತಲೆ ಓಡಿಲ್ಲ ನೋಡು," ಎಂದು ಮನೆಯವರ ಮುಂದೆ ಜಂಭ ಕೊಚ್ಚಿಕೊಂಡೆ. ಆದರೂ ಮನಸ್ಸು ನಿಲ್ಲಲಿಲ್ಲ. ನೀರೇನೋ ನಿಂತಿತು, ಆದರೆ ಆ ಪೈಪನ್ನು ಅಲ್ಲಿ ಯಾಕಿಟ್ಟಿದ್ದರು ಎಂಬುದು ಮಾತ್ರ ತಿಳಿಯಲೇ ಇಲ್ಲ. ಮತ್ತೆರಡು ಸಲ ಮೇಲೆ ಹೋಗಿ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿ ಬಂದೆ.

ಅವತ್ತು ಕೂಸಿಗೆ ಇಂಜೆಕ್ಷನ್ ಹಾಕಿಸಿದ್ದರಿಂದ ಸ್ನಾನವಿರಲಿಲ್ಲ. ಅದರ ಜ್ವರ, ಅಳು ಸಂಭಾಳಿಸುವುದರಲ್ಲೇ ದಿನ ಕಳೆದು, ಬಿಸಿನೀರನ್ನು ಯಾರೂ ಮುಟ್ಟಲಿಲ್ಲ. ಮೇಲೆ ಬಿಸಿಲು ಮಾತ್ರ ಚುರುಗುಟ್ಟುತ್ತಿತ್ತು.

ಮಾರನೆಯ ದಿನ ಹೆಂಡತಿ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಬಕೆಟ್ಟಿಗೆ ಇನ್ನಷ್ಟು ಬಿಸಿನೀರು ಬೇಕೆಂದು ಮಗಳು ನಲ್ಲಿ ತಿರುಗಿಸಿದಳು. ನಲ್ಲಿ ಎರಡು ಸಲ ಗೊರಗೊರ ಎಂದಿತು. ಆಮೇಲೆ ಹಬೆಯ ಜೊತೆ ಕುದಿನೀರು ಭುಸ್ಸೆಂದು ಚಿಮ್ಮಿತು. "ಅಯ್ಯಯ್ಯೋ!" ಎಂದು ಹೆಂಡತಿ ಕೂಸನ್ನು ಎತ್ತಿ ಎದೆಗವುಚಿಕೊಂಡಳು. ನೀರು ಅವಳ ಮೊಣಕಾಲಿನ ಕೆಳಗೆ ಬಿತ್ತು, ಕೂಸು ಅಷ್ಟು ಹೊತ್ತೂ ಮಲಗಿದ್ದ ಜಾಗಕ್ಕೆ.

ನಾನು ಓಡಿಬಂದಾಗ ಚರ್ಮ ಕೆಂಪಗೆ ಎದ್ದಿತ್ತು. "ಮಗೂಗೆ ಏನೂ ಆಗಿಲ್ಲ, ಮಗೂಗೆ ಏನೂ ಆಗಿಲ್ಲ," ಎಂದು ಅವಳೇ ನನಗೆ ಹೇಳುತ್ತಿದ್ದಳು. ನಾನು ತಣ್ಣೀರನ್ನು ಚೊಂಬಿನ ಮೇಲೆ ಚೊಂಬು ಅವಳ ಕಾಲಿಗೆ ಸುರಿದೆ.

ಡಾಕ್ಟರ ಹತ್ತಿರ ಪಟ್ಟಿ ಕಟ್ಟಿಸಿ ತಂದ ಮೇಲೆ ಪ್ಲಂಬರ್ ಬಂದ. ಮಗಳೂ ನಮ್ಮ ಹಿಂದೆಯೇ ತಾರಸಿ ಹತ್ತಿದಳು.

"ಇದು ಟ್ಯಾಂಕ್ ಉಸಿರಾಡೋ ಪೈಪು ಸಾರ್. ಆವಿ, ಗಾಳಿ ಎಲ್ಲಾ ಇಲ್ಲಿಂದಾನೇ ಹೋಗ್ಬೇಕು. ನಿಮ್ ನೀರಿನ ಟ್ಯಾಂಕ್ ಎತ್ತರ ಮಾಡ್ಸಿದೀರಲ್ಲ, ಅದಕ್ಕೇ ತೊಟ್ಟಿಕ್ಕಿರೋದು. ಇದನ್ನೂ ಎತ್ತರ ಮಾಡಿದ್ರೆ ಮುಗೀತಿತ್ತು. ಯಾರ್ ಸಾರ್ ಮುಚ್ಚಿದ್ದು?"

ಹಳೇ ಮಾಲೀಕ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಥೂ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನೇ ಕಣಪ್ಪ," ಎಂದೆ.

ಅವನು ಮುಚ್ಚಳ ತೆಗೆದು, ಪೈಪನ್ನು ಎತ್ತರ ಮಾಡಿ ಹೋದ. ಮರುದಿನ ಹೆಂಡತಿಗೆ ಕಾಲು ನೀಡಲಾಗಲಿಲ್ಲ, ಮಣೆಯ ಮೇಲೆ ಮಗಳು ಕೂತಳು. ನೀರು ಬೆರೆಸುವ ಕೆಲಸ ನಾನೇ ಕೇಳಿ ತಗೊಂಡೆ. ಮೊಣಕೈವರೆಗೆ ಅದ್ದಿ ನೋಡಿದೆ, ಇನ್ನೊಂದು ಚೊಂಬು ತಣ್ಣೀರು ಸುರಿದೆ, ಮತ್ತೆ ನೋಡಿದೆ.

"ಹದವಾಗಿದೆ ಕಣಮ್ಮ, ಹಾಕು," ಎಂದೆ.

"ಹೂಂ ಅಪ್ಪ," ಎಂದಳು ಮಗಳು. ಎಂದವಳು ಒಂದು ಕೈಯಲ್ಲಿ ಕೂಸನ್ನು ಹಿಡಿದು, ಇನ್ನೊಂದು ಕೈಯನ್ನು ಅದೇ ಬಕೆಟ್ಟಿಗೆ ಅದ್ದಿ, ನನ್ನ ಕಡೆ ನೋಡದೆ ಬಹಳ ಹೊತ್ತು ಹಾಗೇ ಇಟ್ಟುಕೊಂಡಳು.