ಟಾನ್ಸಿಲ್ ಇಲ್ಲದ ಗಂಟಲು

ತಂಗಿಗೆ ಹೇಳುವುದೋ ಬಿಡುವುದೋ? ಈ ಚಿಂತೆ ಅವಳಿಗೆ ಅಂಟಿಕೊಂಡುಬಿಟ್ಟಿತ್ತು. ಕನ್ನಡಕದ ಅಂಗಡಿಯಲ್ಲಿ ಫ್ರೇಮಿನ ಸ್ಕ್ರೂ ಬಿಗಿಯುತ್ತ ಕೂತರೆ ಕಣ್ಣು ಕೈಮೇಲೆ, ಮನಸ್ಸು ತಂಗಿಯ ತುಂಬು ಹೊಟ್ಟೆಯ ಮೇಲೆ.

ಅವಳದೇ ಮಗ ಗುಂಡು ಆರು ತಿಂಗಳವರೆಗೆ ಹೆಸರಿಗೆ ತಕ್ಕಂತೆಯೇ ಇದ್ದ. ಆಮೇಲೆ ಶುರುವಾಯಿತು ನೋಡಿ. ಕಿವಿ ಸೋರುವುದು, ಕೆಮ್ಮು, ನ್ಯುಮೋನಿಯಾ. ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ನ್ಯುಮೋನಿಯಾ. ಅವಳು ಬಾಟಲಿ, ಚಮಚ, ಗಿಲಕಿ ಎಲ್ಲವನ್ನೂ ಕುದಿಸಿದಳು.

"ಇನ್ನು ನನ್ನನ್ನೂ ಒಂದ್ಸಲ ಕುದಿಸಿಬಿಡಮ್ಮ," ಎಂದು ಅತ್ತೆ ಚುಚ್ಚಿದರು.

ಬಡಾವಣೆಯ ಡಾಕ್ಟರು ಪ್ರತಿ ಸಲ ಮಗುವಿನ ಬಾಯಿಗೆ ಟಾರ್ಚು ಬಿಟ್ಟು, "ಗಂಟಲು ಕ್ಲೀನಾಗಿದೆ, ಟಾನ್ಸಿಲ್ ಊದಿಲ್ಲ" ಎನ್ನುತ್ತಿದ್ದರು. ಅವಳಿಗೆ ಅದೊಂದೇ ಸಮಾಧಾನ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅದೇ ಗಂಟಲಿಗೆ ಎರಡೆರಡು ಸಲ ಟಾರ್ಚು ಬಿಟ್ಟು ನೋಡಿದರು. "ಊದಿಲ್ಲ ಅಂತಲ್ಲಮ್ಮ, ಟಾನ್ಸಿಲ್ಲೇ ಕಾಣ್ತಿಲ್ಲ."

ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. "ಟಾನ್ಸಿಲ್ ತುಂಬ ಇರೋದು ಬಿ ಜೀವಕೋಶ. ರೋಗಾಣು ಬಂದ್ರೆ ಅದಕ್ಕೆ ತಕ್ಕ ಪ್ರತಿಕಾಯ ತಯಾರು ಮಾಡೋದು, ಮುಂದಿನ ಸಲಕ್ಕೆ ನೆನಪಿಟ್ಕೊಳ್ಳೋದು ಅವೇ. ಇವನ ಮೈಯಲ್ಲಿ ಅವು ಇಲ್ಲ ಅನ್ನೋಷ್ಟು ಕಮ್ಮಿ."

"ಮತ್ತೆ ಆರು ತಿಂಗಳು ಚೆನ್ನಾಗೇ ಇದ್ನಲ್ಲ ಮೇಡಂ?"

"ಅದು ನಿಮ್ದು. ಹೊಟ್ಟೇಲಿದ್ದಾಗ ನೀವು ಕೊಟ್ಟಿದ್ದ ಪ್ರತಿಕಾಯ. ಖರ್ಚಾಗಿಹೋಯ್ತು."

ಇನ್ನು ಜೀವನಪೂರ್ತಿ, ಯಾರ್ಯಾರೋ ದಾನ ಮಾಡಿದ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ತಿಂಗಳು ತಿಂಗಳೂ ಡ್ರಿಪ್ಪಿನಲ್ಲಿ ಕೊಡಬೇಕು. ತವರಿನಲ್ಲಿ ಗಂಡುಮಕ್ಕಳು ಎಳೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಾರಾ ಎಂದೂ ಡಾಕ್ಟರಮ್ಮ ಕೇಳಿದರು. ಅವಳ ಅಣ್ಣನೊಬ್ಬ ಹಾಗೆಯೇ ಹೋಗಿದ್ದ, ಎದೆಯಲ್ಲಿ ಕಫ ಕಟ್ಟಿ. ಅದನ್ನು ಹೇಳುತ್ತಲೇ, ತಂಗಿ ಬಸುರಿ ಎಂದೂ ಅವಳು ಬಾಯಿಬಿಟ್ಟಳು.

"ಇದು ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರೋ ಕಾಯಿಲೆ. ತಂಗಿಗೆ ಹೇಳಿ. ಗಂಡಾದ್ರೆ ಹುಟ್ಟಿದ ಕೂಡಲೇ ರಕ್ತ ನೋಡ್ಬೇಕು. ರಿಪೋರ್ಟ್ ಬರೋವರೆಗೆ ಪೋಲಿಯೋ ಹನಿ ತಡೆದಿರಬೇಕು. ಬೇರೆ ಮಕ್ಕಳಿಗೆ ಅದು ಒಳ್ಳೇದೇ, ಇಂಥವರಿಗೆ ಮಾತ್ರ ಅಪಾಯ."

"ಬಸುರೀನ ಹೀಗೆಲ್ಲ ಹೆದರಿಸ್ತಾರೇನೇ?" ಎಂದ ಗಂಡ. "ಹೆಣ್ಣೇ ಹುಟ್ಟಬಹುದು, ಸುಮ್ನಿರು."

ಅವಳಿಗೂ ಅಂಥದ್ದೊಂದು ನೆಪ ಬೇಕಾಗಿತ್ತು. ತಂಗಿಗೆ ಫೋನ್ ಮಾಡುವುದನ್ನು ಮುಂದೂಡಿದಳು.

ಮೊದಲ ಡ್ರಿಪ್ಪಿನ ದಿನ ಡಾಕ್ಟರಮ್ಮ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕೆಳಗೊಂದು ಮೂಲೆಯಲ್ಲಿ ಬಿಳಿ ಗೆರೆಗಳು. "ಇನ್ಮುಂದೆ ಸೋಂಕು ಕಮ್ಮಿಯಾಗುತ್ತೆ. ಪದೇ ಪದೇ ನ್ಯುಮೋನಿಯಾ ಆಗಿ ಬಿದ್ದಿರೋ ಈ ಕಲೆ ಮಾತ್ರ ಹೋಗಲ್ಲಮ್ಮ. ಮೊದಲೇ ಗೊತ್ತಾಗಿದ್ದಿದ್ರೆ..."

ಮುಂದಿನದು ಅವಳ ಕಿವಿಗೆ ಬೀಳಲಿಲ್ಲ. ಗುಂಡುವನ್ನು ಜೊತೆಗೆ ಬಂದಿದ್ದ ಅತ್ತೆಯ ಪಕ್ಕ ಬಿಟ್ಟು, ಕಾರಿಡಾರಿಗೆ ಬಂದು ತಂಗಿಗೆ ಫೋನ್ ಒತ್ತಿದಳು.

"ಏನೇ ಅಕ್ಕ, ಇದ್ದೀಯಾ ಭೂಮಿ ಮೇಲೆ? ಇಲ್ಲಿ ಹೊಟ್ಟೆ ಒಳಗೇ ಫುಟ್‌ಬಾಲ್ ನಡೀತಿದೆ, ಟಿಕೆಟ್ ಬೇಕಾ?"

ಅವಳು ಗೋಡೆಗೊರಗಿದಳು.

"ಕೂತ್ಕೊಳ್ಳೇ ಮೊದ್ಲು. ಹೆದರಿಸೋಕಲ್ಲ ಫೋನ್ ಮಾಡಿದ್ದು. ಇವತ್ತೇ ನಿನ್ನ ಡಾಕ್ಟರಿಗೆ ಒಂದು ವಿಷಯ ಹೇಳ್ಬೇಕು ನೀನು. ನಡುವೆ ಬಾಯಿ ಹಾಕದೆ ಪೂರ್ತಿ ಕೇಳು."