ಬೋಟಿನ ಬುಡದಲ್ಲಿ ಹೊಡೆದದ್ದು

ಕೋವಿಡ್ ನಿರ್ಬಂಧಗಳೆಲ್ಲ ಸಡಿಲವಾದ ಮರುವರ್ಷ. ಆಗ ನಾನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಾಯಲ್ಲಿದ್ದ ಒಂದು ಕಡಲ ಸಸ್ತನಿ ಸಂಶೋಧನಾ ಕೇಂದ್ರದಲ್ಲಿ ಹಿರಿಯ ಜೀವವಿಜ್ಞಾನಿಯಾಗಿದ್ದೆ. ದಡಕ್ಕೆ ಬಿದ್ದ ಡಾಲ್ಫಿನ್, ಸೀಲ್‌ಗಳ ಶವಪರೀಕ್ಷೆ ಮಾಡಿ, ಸಾವಿನ ಕಾರಣ ಬರೆದು ಸಹಿ ಹಾಕುವುದು ನನ್ನ ಕೆಲಸ. ಇದಕ್ಕೆ ನಮ್ಮಲ್ಲಿ ನೆಕ್ರಾಪ್ಸಿ ಎನ್ನುತ್ತಾರೆ. ಕ್ಯಾಂಪ್‌ಬೆಲ್‌ನ ಮನೆಯಿಂದ ಬೆಳಿಗ್ಗೆ ಐದಕ್ಕೆ ಕಾರು ತೆಗೆದರೆ ಫ್ರೀವೇ ತುಂಬುವ ಮೊದಲು ಕೊಲ್ಲಿಯ ಬಾಯಿಗೆ ಅಡ್ಡಲಾಗಿರುವ ದೊಡ್ಡ ಸೇತುವೆ ದಾಟಬಹುದಿತ್ತು. ಆಗಾಗ ಕನ್ನಡದವರು ತಮ್ಮ ಕಾರ್ಯಕ್ರಮಗಳಿಗೆ ಕರೆದು, ಮಕ್ಕಳಿಗೆ ಡಾಲ್ಫಿನ್ ಬಗ್ಗೆ ಎರಡು ಮಾತು ಹೇಳಿ ಎನ್ನುತ್ತಿದ್ದರು. ನಾನೂ ಹೋಗಿ, ಅವು ಬಹಳ ಸಾಧು, ಮನುಷ್ಯರನ್ನು ಕಂಡರೆ ನಗುತ್ತವೆ ಎಂದೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿ ಬರುತ್ತಿದ್ದೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದಕ್ಕೂ ಮೊದಲು ಹನ್ನೆರಡು ವರ್ಷ ಫ್ಲಾರಿಡಾದಲ್ಲಿ ಮ್ಯಾನಟೀಗಳ ಜೊತೆ ಕಳೆದಿದ್ದೆ. ಮ್ಯಾನಟೀ ಎಂದರೆ ನೀರಿನಡಿಯ ಹುಲ್ಲು ಮೇಯುವ, ಎಮ್ಮೆಗಿಂತ ದಪ್ಪನೆಯ, ಯಾರ ತಂಟೆಗೂ ಹೋಗದ ಪ್ರಾಣಿ. ನಿಧಾನವಾಗಿ ಈಜುವುದೇ ಅದರ ತಪ್ಪು. ಮೋಟಾರು ದೋಣಿಗಳು ಬಂದು ಗುದ್ದುತ್ತವೆ. ಹೊರಗೆ ಗೀರೂ ಇಲ್ಲದೆ ಒಳಗೆ ಪಕ್ಕೆಲುಬೆಲ್ಲ ಪುಡಿಯಾದ ಮ್ಯಾನಟೀಗಳನ್ನು ಕೊಯ್ದು ಕೊಯ್ದು, ಮುರಿದ ಮೂಳೆ ಕಂಡರೆ ಸಾಕು, ದೋಣಿ ಎಂದು ಕೈ ತಾನೇ ಬರೆಯುವಷ್ಟು ಪಳಗಿತ್ತು. ದೋಣಿಯವರನ್ನು ಕಂಡರೆ ಮೈ ಉರಿಯುತ್ತಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕರೆ ಬಂತು. ಸೇತುವೆಯ ಒಳಬದಿಯಲ್ಲಿ ಪ್ರವಾಸಿ ದೋಣಿಯೊಂದು ಪಾರ್ಪಸ್ ಒಂದಕ್ಕೆ ಗುದ್ದಿ ಕೊಂದಿದೆ, ಪ್ರಯಾಣಿಕರೇ ದೂರು ಕೊಟ್ಟಿದ್ದಾರೆ, ಶವವನ್ನು ದಡಕ್ಕೆ ಎಳೆದು ತಂದಿದ್ದೇವೆ ಎಂದು ಕಡಲ ಪ್ರಾಣಿಗಳ ರಕ್ಷಣಾ ಇಲಾಖೆಯ ತನಿಖಾಧಿಕಾರಿ ಹೇಳಿದ. ಪಾರ್ಪಸ್ ಡಾಲ್ಫಿನ್ನಿನ ಚಿಕ್ಕ ಸಂಬಂಧಿ. ಮೊಂಡು ಮೂತಿ, ಐದಡಿ ಉದ್ದ, ವಿಪರೀತ ನಾಚಿಕೆ. ದಶಕಗಳ ಕಾಲ ಈ ಕೊಲ್ಲಿಯಲ್ಲಿ ಕಾಣದಿದ್ದ ಪಾರ್ಪಸ್‌ಗಳು, ಅವುಗಳ ಹಿಂದೆಯೇ ದೊಡ್ಡ ಬಾಟಲ್‌ನೋಸ್ ಡಾಲ್ಫಿನ್‌ಗಳು, ಮರಳಿ ಬರತೊಡಗಿದ್ದ ಕಾಲ ಅದು. ಒಂದೊಂದು ತಲೆಯನ್ನೂ ನಾವು ಎಣಿಸಿಟ್ಟುಕೊಳ್ಳುತ್ತಿದ್ದೆವು. ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಟೆ.

ದೂರು ಕೊಟ್ಟವರು ಫ್ರೀಮಾಂಟಿನ ಶೋಭಾ. ಮಂಡ್ಯದ ಕಡೆಯವರು. ತೀರಿಕೊಂಡ ತಂದೆಯ ಅಸ್ಥಿ ಬಿಡಲು ಮನೆಯ ಏಳು ಜನ ಆ ದೋಣಿ ಗೊತ್ತು ಮಾಡಿಕೊಂಡು ಬಂದಿದ್ದರು. ದಡದಿಂದ ಐನೂರು ಗಜ ಆಚೆ ಹೋಗಿ ಬಿಡಬೇಕೆಂಬುದು ಇಲ್ಲಿನ ಕಾನೂನು. ಕನ್ನಡ, ತೆಲುಗು ಮನೆಗಳವರಿಗೆ ಈ ಕೆಲಸಕ್ಕೆ ಖಾಯಂ ದೋಣಿ ಒಂದೇ, ಸಂಜೀವಣ್ಣನದು.

“ಅಪ್ಪನ ಮಡಕೆ ಕೈಯಲ್ಲೇ ಇತ್ತು ಮೇಡಂ,” ಎಂದರು ಶೋಭಾ. “ಎಲ್ರೂ ಕ್ಯಾಬಿನ್ ಒಳಗೆ ಪೂಜೆಗೆ ಕೂತಿದ್ವಿ. ಧಡ್ ಅಂತ ಬೋಟಿನ ಕೆಳಗೆ ಶಬ್ದ ಬಂತು. ಮತ್ತೆ ಇನ್ನೊಂದ್ಸಲ. ಹೊರಗೆ ಬಂದು ಬಗ್ಗಿ ನೋಡಿದ್ರೆ ಅದು ಬಾಯಲ್ಲಿ ರಕ್ತ ಕಾರ್ಕೊಂಡು ತೇಲ್ತಾ ಇದೆ. ಅದೇ ನೀರಲ್ಲಿ ನಾನು ಅಪ್ಪನ್ನ ಹೆಂಗ್ ಬಿಡ್ಲಿ ಹೇಳಿ? ಆ ಬೋಟಿನ ಮನುಷ್ಯ ಸುಮ್ನೆ ನೋಡ್ತಾ ನಿಂತಿದ್ದ.”

ಸಂಜೀವಣ್ಣ ಮಲ್ಪೆಯವರು. ಅರವತ್ತರ ಆಸುಪಾಸು. ಹಡಗಿನ ಕೆಲಸಕ್ಕೆಂದು ಬಂದು ಇಲ್ಲೇ ನೆಲೆನಿಂತು, ಕ್ಯಾಪ್ಟನ್ ಪರೀಕ್ಷೆ ಪಾಸು ಮಾಡಿ ಸ್ವಂತ ದೋಣಿ ಮಾಡಿಕೊಂಡವರು. ಇಂಗ್ಲಿಷು ಚೆನ್ನಾಗಿಯೇ ಬರುತ್ತಿತ್ತು. ಆದರೆ ನಾನು ಶೋಭಾ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕಿವಿಗೆ ಬಿದ್ದದ್ದೇ ತಡ, ಅಧಿಕಾರಿಯನ್ನು ಬಿಟ್ಟು ನನ್ನ ಕಡೆ ಓಡಿಬಂದರು. ಅಧಿಕಾರಿಗೂ ಅನುಕೂಲವೇ ಆಯಿತು. ಅವರ ಮಾತನ್ನು ಇಂಗ್ಲಿಷಿಗೆ ಹೇಳಿ ಎಂದು ನನ್ನನ್ನೇ ಕೇಳಿದ. ಶವಪರೀಕ್ಷೆ ಮಾಡುವವಳೇ ದುಭಾಷಿಯಾಗಬಾರದು. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿರಬೇಕಿತ್ತು.

“ನೋಡಿದ್ದನ್ನು ಹೇಳ್ತೇನೆ ಮೇಡಂ,” ಎಂದರು ಸಂಜೀವಣ್ಣ. “ಬೋಟಿನ ಬುಡದಲ್ಲೇ ಹೊಡೆದದ್ದು. ನಾನು ಇಂಜಿನ್ ಬಂದ್ ಮಾಡಿದೆ. ಆದ್ರೂ ಬಿಡ್ಲಿಲ್ಲ. ಸಾಯುವವರೆಗೂ ಬಿಡ್ಲಿಲ್ಲ.”

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಹೀಗೆ: ದೋಣಿಯ ತಳ ಅದಕ್ಕೆ ಹೊಡೆಯಿತು, ಇಂಜಿನ್ ನಿಲ್ಲಿಸಿದೆ, ಆದರೂ ಅದನ್ನು ಬಿಡಿಸಲಾಗಲಿಲ್ಲ. ಸಾಯುವವರೆಗೂ ಬಿಡಲಿಲ್ಲ ಎಂಬ ಕೊನೆಯ ಮಾತು ಇದಕ್ಕೆ ಹೊಂದಲಿಲ್ಲ. ಗಾಬರಿಯಲ್ಲಿ ಏನೋ ಅಂದಿದ್ದಾರೆ ಎಂದು ಅದನ್ನು ಹೇಳಲೇ ಇಲ್ಲ. ಅಧಿಕಾರಿ ಬರೆದುಕೊಂಡ. ಓದಿ ಸಹಿ ಮಾಡಿ ಎಂದರೆ ಸಂಜೀವಣ್ಣ ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. “ನೀವು ಬರೆಸಿದ್ದಲ್ವಾ ಮೇಡಂ, ಓದ್ಲಿಕ್ಕೆ ಏನುಂಟು,” ಎಂದು ಗೀಚಿಕೊಟ್ಟರು.

ಭಾನುವಾರ ಶವ ಕೊಯ್ದೆ. ಗಂಡು, ಪ್ರಾಯದ್ದು, ಆರೋಗ್ಯವಂತ. ಎಡಬದಿಯ ಏಳು ಪಕ್ಕೆಲುಬು ಮುರಿದಿದ್ದವು. ಅದರಲ್ಲಿ ಎರಡು ಶ್ವಾಸಕೋಶಕ್ಕೆ ನೆಟ್ಟಿದ್ದವು. ಭುಜದ ಮೂಳೆ ಮೂರು ಚೂರು. ಚರ್ಮದಡಿಯ ಕೊಬ್ಬಿನ ಪದರ ಜಜ್ಜಿಹೋಗಿ ಕಪ್ಪಗೆ ಹೆಪ್ಪುಗಟ್ಟಿತ್ತು. ಎದೆಗೂಡು ತೆರೆದಾಗ ರಕ್ತ ಮೇಜಿನಿಂದ ಇಳಿದು ನನ್ನ ಬೂಟಿನೊಳಗೆ ಹೋಯಿತು. ಚರ್ಮದ ಮೇಲೆ ಅಲ್ಲಲ್ಲಿ ಸಾಲು ಸಾಲು ಗೀರುಗಳಿದ್ದವು. ನಿಯಮದಂತೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಹಗ್ಗ ಕಟ್ಟಿ ಕಾಂಕ್ರೀಟಿನ ಮೇಲೆ ಎಳೆದು ತಂದಾಗ ಆದದ್ದು ಎಂದು ಷರಾ ಬರೆದೆ. ನಮ್ಮ ಫಾರ್ಮಿನಲ್ಲಿ ಸಾವಿಗೆ ಮನುಷ್ಯ ಕಾರಣವೇ ಎಂಬ ಪ್ರಶ್ನೆಗೆ ಮೂರು ಚೌಕಗಳಿರುತ್ತವೆ: ಹೌದು, ಇಲ್ಲ, ತಿಳಿಯದು. ಹೌದು ಎಂಬಲ್ಲಿ ಗುರುತು ಹಾಕಿ, ದೋಣಿಯ ಡಿಕ್ಕಿ ಎಂದು ಬರೆದೆ.

ಎರಡು ವಾರದಲ್ಲಿ ಸಂಜೀವಣ್ಣನ ಲೈಸೆನ್ಸು ಅಮಾನತಾಯಿತು. ಪ್ರಾಣಿ ಕಂಡರೂ ಬೇಕೆಂದೇ ಅದರ ಮೇಲೆ ದೋಣಿ ನುಗ್ಗಿಸಿದರು ಎಂಬ ಆರೋಪ. ಆಗಸ್ಟಿನಲ್ಲಿ ವಿಚಾರಣೆ. ಅಲ್ಲಿ ಸೋತರೆ ಲೈಸೆನ್ಸು ಶಾಶ್ವತವಾಗಿ ಹೋಗುತ್ತಿತ್ತು. ಆ ವಯಸ್ಸಿನಲ್ಲಿ ಇನ್ನೊಂದು ಕಸುಬು ಎಲ್ಲಿಂದ ಬರಬೇಕು? ಫ್ರೀಮಾಂಟಿನಿಂದ ಬೆರ್ರಿಯೆಸಾವರೆಗಿನ ಕನ್ನಡದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಅವರ ಹೆಸರು ಡಾಲ್ಫಿನ್ ಕೊಂದವನು ಎಂದಾಯಿತು. ಪಾರ್ಪಸ್ ಎಂದು ತಿದ್ದುವ ತಾಳ್ಮೆ ಯಾರಿಗಿತ್ತು?

ಅವರು ನನಗೆ ಫೋನ್ ಮಾಡಿದರು. “ಮೇಡಂ, ನಾನು ಹೇಳಿದ್ದೇ ಬೇರೆ, ಅಲ್ಲಿ ಬರೆದದ್ದೇ ಬೇರೆ. ದೊಡ್ಡದು ಬಂದು ಹೊಡೆದದ್ದು. ಎರಡಿತ್ತು. ಡಾಲ್ಫಿನ್.”

ನನಗೆ ನಗು ಬಂತು. ಡಾಲ್ಫಿನ್‌ಗಳು ಪಾರ್ಪಸ್‌ಗಳನ್ನು ಕೊಲ್ಲುವುದುಂಟೆಂದು ಬೇರೆ ಕಡಲುಗಳ ವರದಿಗಳಲ್ಲಿ ನಾನೇ ಓದಿದ್ದೆ. ಆದರೆ ನಾನು ಎಣಿಸಿ, ಹೆಸರಿಟ್ಟು, ಮಕ್ಕಳಿಗೆ ಚಿತ್ರ ತೋರಿಸಿದ ಈ ಕೊಲ್ಲಿಯ ಡಾಲ್ಫಿನ್‌ಗಳೇ? ಲೈಸೆನ್ಸಿಗೆ ಕುತ್ತು ಬಂದಾಗ ಎಂಥ ಕಥೆ ಕಟ್ಟುತ್ತಾನಪ್ಪ ಎಂದುಕೊಂಡೆ. “ಏನಿದ್ದರೂ ವಿಚಾರಣೆಯಲ್ಲಿ ಹೇಳಿ,” ಎಂದು ಫೋನ್ ಇಟ್ಟೆ. ಮತ್ತೆ ಮೂರು ಸಲ ಮಾಡಿದರು. ನಾನು ಎತ್ತಲಿಲ್ಲ.

ಜುಲೈನಲ್ಲಿ ಒಂದು ಬೆಳಿಗ್ಗೆ ಗಣತಿಗೆಂದು ನಾನೂ ಒಬ್ಬ ಸಹೋದ್ಯೋಗಿಯೂ ಸಣ್ಣ ದೋಣಿಯಲ್ಲಿ ಹೋಗಿದ್ದೆವು. ಮಂಜು ಕರಗಿ ಸೇತುವೆಯ ಕಂಬಗಳು ಕಾಣತೊಡಗಿದ್ದವು. ಪಾರ್ಪಸ್ ಒಂದು ನೀರಿನಿಂದ ಪೂರ್ತಿ ಹೊರಗೆ ನೆಗೆಯಿತು. ಅವು ಹಾಗೆ ನೆಗೆಯುವುದು ಅಪರೂಪ. ಅದು ನೆಗೆದದ್ದಲ್ಲ, ಎಸೆಯಲ್ಪಟ್ಟದ್ದು ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಅದರಡಿಯಿಂದಲೇ ಡಾಲ್ಫಿನ್ನಿನ ಮೂತಿ ಮೇಲೆ ಬಂತು.

ಎರಡು ಗಂಡು ಡಾಲ್ಫಿನ್‌ಗಳು. ಎರಡಕ್ಕೂ ಹೆಸರಿಟ್ಟವಳು ನಾನೇ. ಒಂದು ಎಡದಿಂದ ನುಗ್ಗಿಬಂದು ಪಕ್ಕೆಗೆ ಗುದ್ದಿತು. ಹಸಿ ತೆಂಗಿನಕಾಯಿ ಕಲ್ಲಿಗೆ ಒಡೆದಂಥ ಶಬ್ದ ನಮಗೆ ಕೇಳಿಸಿತು. ಪಾರ್ಪಸ್ ತಿರುಗುವಷ್ಟರಲ್ಲಿ ಇನ್ನೊಂದು ಬಲದಿಂದ ಬಂದು ಹೊಟ್ಟೆಗೆ ಗುದ್ದಿ ಮತ್ತೆ ಮೇಲಕ್ಕೆಸೆಯಿತು. ಉಸಿರಿಗೆಂದು ಅದು ತಲೆ ಎತ್ತಿದಾಗಲೆಲ್ಲ ಒಂದು ಬಂದು ಬೆನ್ನ ಮೇಲೆ ಬಿದ್ದು ಮುಳುಗಿಸುತ್ತಿತ್ತು, ಇನ್ನೊಂದು ಬಾಲದ ಬುಡ ಕಚ್ಚಿ ಎಳೆಯುತ್ತಿತ್ತು. ಪಾರ್ಪಸ್ ನಮ್ಮ ದೋಣಿಯ ಕಡೆಗೆ ಬಂತು, ಆಸರೆ ಸಿಕ್ಕೀತು ಎಂದೇನೋ. ಸಹೋದ್ಯೋಗಿ ಇಂಜಿನ್ ನಿಲ್ಲಿಸಿದ. ಅವೆರಡೂ ಅದನ್ನು ದೋಣಿಯ ತಳಕ್ಕೆ ಒತ್ತಿ ಹಿಡಿದು ಹೊಡೆದವು. ನಮ್ಮ ಕಾಲಡಿಯ ಹಲಗೆ ಧಡ್ ಎಂದಿತು. ಮತ್ತೊಮ್ಮೆ ಎಂದಿತು. ನಾನು ಹುಟ್ಟು ತೆಗೆದು ನೀರಿಗೆ ಬಡಿದೆ, ಬಾಯಿಗೆ ಬಂದಂತೆ ಕಿರುಚಿದೆ. ಕಡಲ ಪ್ರಾಣಿಗಳನ್ನು ಹಾಗೆ ಬೆದರಿಸುವುದೂ ಕಾನೂನಿನಂತೆ ತಪ್ಪೇ. ಅವಕ್ಕೆ ನಾವು ಇದ್ದೇವೆಂಬ ಪರಿವೆಯೇ ಇರಲಿಲ್ಲ. ಇಪ್ಪತ್ತು ನಿಮಿಷದ ನಂತರ ಪಾರ್ಪಸ್ ಬಾಯಲ್ಲಿ ಕೆಂಪು ನೊರೆ ಕಾರುತ್ತ ಮಗುಚಿಕೊಂಡಿತು. ಸತ್ತ ಮೇಲೂ ಎರಡು ಸಲ ಗುದ್ದಿದವು. ತಿನ್ನಲಿಲ್ಲ. ತಿನ್ನುವುದೇ ಇಲ್ಲ. ಯಾಕೆ ಕೊಲ್ಲುತ್ತವೆ ಎಂಬುದಕ್ಕೆ ಖಚಿತ ಉತ್ತರ ಇವತ್ತಿಗೂ ನಮ್ಮಲ್ಲಿಲ್ಲ. ಆಮೇಲೆ ಜೊತೆಯಾಗಿ, ಉಸಿರು ಬಿಡುತ್ತ, ಸಮುದ್ರದ ಕಡೆಗೆ ಹೊರಟುಹೋದವು.

“ಇಂಜಿನ್ ಬಂದ್ ಮಾಡಿದೆ. ಆದ್ರೂ ಬಿಡ್ಲಿಲ್ಲ.” ಆ ಮಾತು ಆಗ ನನಗೆ ಕನ್ನಡದಲ್ಲಿ ಅರ್ಥವಾಯಿತು. ದೋಣಿ ಹೊಡೆಯಿತು ಎಂದು ಸಂಜೀವಣ್ಣ ಹೇಳಿಯೇ ಇರಲಿಲ್ಲ. ಬೋಟಿನ ಬುಡದಲ್ಲಿ ಹೊಡೆದದ್ದು ಎಂದಿದ್ದರು, ಬಿಡಲಿಲ್ಲ ಎಂದಿದ್ದರು. ಯಾರು ಎಂಬುದನ್ನು ನಮ್ಮ ಭಾಷೆಯಲ್ಲಿ ಹೇಳದೆಯೂ ನಡೆಯುತ್ತದೆ. ಕಣ್ಣಾರೆ ಕಂಡವನಿಗೆ ಅದನ್ನು ಬಿಡಿಸಿ ಹೇಳಬೇಕೆಂದು ತೋಚುವುದೂ ಇಲ್ಲ. ಆ ಖಾಲಿ ಜಾಗದಲ್ಲಿ ದೋಣಿಯನ್ನು ತಂದು ಕೂರಿಸಿದವಳು ನಾನು. ಸಹೋದ್ಯೋಗಿಯೂ ನಾನೂ ಶವವನ್ನು ಕೈಯಿಂದಲೇ ದೋಣಿಗೆ ಎತ್ತಿಕೊಂಡೆವು.

ಆ ಶವವನ್ನು ಅಂದೇ ಕೊಯ್ದೆವು. ಮುರಿದ ಪಕ್ಕೆಲುಬು ಎಂಟು. ಅದೇ ಜಜ್ಜುಗಾಯ, ಅದೇ ಸಾಲು ಗೀರು. ಗೀರುಗಳ ನಡುವಿನ ಅಂತರ ಹನ್ನೊಂದು ಮಿಲಿಮೀಟರ್. ನಮ್ಮಲ್ಲಿದ್ದ ಬಾಟಲ್‌ನೋಸ್ ಡಾಲ್ಫಿನ್ನಿನ ದವಡೆ ತೆಗೆದು ಅಳೆದರೆ ಹಲ್ಲುಗಳ ಅಂತರವೂ ಅಷ್ಟೇ. ಏಪ್ರಿಲ್‌ನ ಫೋಟೋಗಳನ್ನು ತೆರೆದೆ. ಕಾಂಕ್ರೀಟು ಎಳೆದ ಗೀರುಗಳೆಂದು ನಾನು ಷರಾ ಬರೆದಿದ್ದಲ್ಲಿ ಅಳತೆಪಟ್ಟಿ ಹನ್ನೊಂದು ತೋರಿಸುತ್ತಿತ್ತು. ಫೋಟೋ ತೆಗೆದವಳು ಅದನ್ನು ನೋಡಿರಲಿಲ್ಲ.

ತಿದ್ದುಪಡಿ ವರದಿ ಬರೆಯಲು ಕುಳಿತಾಗ ನಮ್ಮ ನಿರ್ದೇಶಕ, ಹೊಸ ಪುರಾವೆ ಸಿಕ್ಕಿದೆ ಎಂದು ಬರೆದರೆ ಸಾಕು, ಅನುವಾದದ ವಿಷಯ ಎತ್ತಬೇಡ ಎಂದ. ಎತ್ತಿದರೆ ನಾನು ಅದುವರೆಗೆ ಸಹಿ ಹಾಕಿದ ವರದಿಗಳನ್ನೆಲ್ಲ ಕೆದಕುತ್ತಾರೆ ಎಂಬ ಭಯ ಅವನಿಗೆ. ಆಗಸ್ಟಿನ ವಿಚಾರಣೆಯಲ್ಲಿ ನಾನು ಎತ್ತಿದೆ. ಸಂಜೀವಣ್ಣ ದೋಣಿ ಹೊಡೆಯಿತು ಎನ್ನಲಿಲ್ಲ, ಆ ಮಾತು ಸೇರಿಸಿದವಳು ನಾನು, ಕೊನೆಯ ವಾಕ್ಯ ನುಂಗಿದವಳೂ ನಾನು ಎಂದೆ. ಲೈಸೆನ್ಸು ಮರಳಿ ಬಂತು. ನನ್ನ ಹಳೆಯ ವರದಿಗಳನ್ನು ಕೆದಕಿದ್ದೂ ನಿಜ. ಎರಡು ಕಡೆ ದೋಣಿ ಎಂದಿದ್ದದ್ದು ತಿಳಿಯದು ಎಂದಾಯಿತು. ವರದಿಗೆ ಸಹಿ ಹಾಕುವ ನನ್ನ ಅಧಿಕಾರ ಒಂದು ವರ್ಷದ ಮಟ್ಟಿಗೆ ಹೋಯಿತು. ಅದು ನನಗೆ ಆಗಬೇಕಾದದ್ದೇ.

ಶೋಭಾ ಅವರಿಗೂ ಫೋನ್ ಮಾಡಿ ಹೇಳಿದೆ. ಆಮೇಲೆ ಅವರು ತಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಕ್ಷಮೆ ಕೇಳಿ ಬರೆದರಂತೆ. ಮೊದಲ ಸುದ್ದಿ ಓದಿದವರಲ್ಲಿ ಕಾಲುಭಾಗದವರೂ ಅದನ್ನು ಓದಲಿಲ್ಲ. ಅಸ್ಥಿಗೆಂದು ಸಂಜೀವಣ್ಣನನ್ನು ಕರೆಯುವವರು ಕಡಿಮೆಯಾದದ್ದು ಹಾಗೆಯೇ ಉಳಿಯಿತು.

ಮೂಳೆ ಎಷ್ಟು ಜೋರಾಗಿ ಹೊಡೆತ ಬಿತ್ತು ಎಂದು ಹೇಳುತ್ತದೆ, ಯಾರ ಹೊಡೆತ ಎಂದು ಹೇಳುವುದಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ಬೇರೊಬ್ಬರ ಖರ್ಚಿನಲ್ಲಿ. ನಿವೃತ್ತಿಯವರೆಗೂ ನಾನು ತಿಳಿಯದು ಎಂಬ ಚೌಕಕ್ಕೆ ಗುರುತು ಹಾಕಲು ನಾಚಿಕೊಳ್ಳಲಿಲ್ಲ.

ವಿಚಾರಣೆ ಮುಗಿದ ವಾರ ಕ್ಷಮೆ ಕೇಳಲು ದೋಣಿಗಳು ನಿಲ್ಲುವ ದಕ್ಕೆಗೆ ಹೋಗಿದ್ದೆ. ಸಂಜೀವಣ್ಣ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ಅದರ ತಳ ಉಜ್ಜುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಕುಳಿತುಕೊಳ್ಳಿ ಎಂದು ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟರು. ನಾನು ಹೇಳಬೇಕಾದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದರು.

“ಆಫೀಸರಿಗೆ ಅರ್ಧ ಹೇಳಿದ್ದೆ ಮೇಡಂ, ಇಂಗ್ಲಿಷಲ್ಲಿ,” ಎಂದರು. “ಟೂ ಡಾಲ್ಫಿನ್ಸ್ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನೀವು ಕನ್ನಡದಲ್ಲಿ ಮಾತಾಡಿದ್ದು ಕೇಳಿತು. ನಮ್ಮವರು ಸಿಕ್ಕಿದ್ರಲ್ಲ, ಇನ್ನು ಹೆದರಿಕೆ ಇಲ್ಲ ಅಂತ ನಿಮ್ಮ ಹತ್ರ ಬಂದೆ.”