ಹಾಯಿ ಸುತ್ತುವ ದೊಡ್ಡತಾಯಮ್ಮ

"ಬಿಗಿ!" ಎಂದು ವೀಣ ಕೂಗುತ್ತಾಳೆ. ಎದುರಿಗಿರುವ ದೊಡ್ಡತಾಯಮ್ಮ ಬಟ್ಟೆಯ ಅಂಚನ್ನು ಎಳೆದು ಹಿಡಿಯುತ್ತಾರೆ. "ಉಸ್ರು!" ಕೈ ಸಡಿಲವಾಗಿ ಒಳಗಿನ ಗಾಳಿ ಆಚೆ ಹೋಗುತ್ತದೆ. "ಮಗ್ಗುಲು!" ಹಾಯಿ ಒಂದು ಸುತ್ತು ಉರುಳುತ್ತದೆ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಂಡೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ರಾತ್ರಿ ಶೆಡ್ಡಿನಲ್ಲಿ ಒಣಹಾಕಿದ ಹಾಯಿಗಳನ್ನೆಲ್ಲ ಗಾಳಿ ಏಳುವ ಮೊದಲೇ ಸುತ್ತಿ ಕಟ್ಟಬೇಕು.

ಇಲ್ಲಿ ಮಕ್ಕಳಿಗೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಾರೆ. ಗೆದ್ದ ಮಕ್ಕಳ ಫೋಟೋ ಪೇಪರಿನಲ್ಲಿ ಬರುತ್ತದೆ, ಹಾಯಿ ಸುತ್ತಿದವರದು ಬರುವುದಿಲ್ಲ. ಪೇಪರಿಗೆ ಬರೆಯುವ ನನಗೆ ಅದೇ ಸಿಟ್ಟು. ಇಬ್ಬರೂ ಒಂದೇ ಸಮ ಎಳೆಯದಿದ್ದರೆ ಬಟ್ಟೆ ಸೊಟ್ಟಗಾಗಿ ಮಡಿಕೆ ಬೀಳುತ್ತದೆ. ಮಡಿಕೆ ಬಿದ್ದ ಜಾಗ ಒಂದು ದಿನ ನಡುನೀರಿನಲ್ಲಿ ಸೀಳಿಹೋಗುತ್ತದೆ.

ಅಕ್ಕಿಹೆಬ್ಬಾಳಿನ ದೊಡ್ಡತಾಯಮ್ಮ ಇಲ್ಲಿ ಕಸ ಗುಡಿಸಲು ಸೇರಿ, ಹಾಯಿ ಸುತ್ತುವುದನ್ನು ಕಲಿತವರು. ವೀಣ ಅವರ ತಂಗಿಯ ಮಗಳು. ತರಬೇತಿಯವರ ಇಂಗ್ಲಿಷ್ ಮಾತು ಇಬ್ಬರ ನಾಲಿಗೆಗೂ ಹತ್ತಲಿಲ್ಲ. "ಮಗೀನ ಮಗ್ಗುಲು ತಿರುಗ್ಸಿ ಮಲಗಿಸ್ತೀವಲ್ಲ, ಇದೂ ಅಂಗೇಯ. ಅದ್ಕೆ ಆ ಮಾತ್ನೇ ಇಟ್ಕಂಡೋ," ಎನ್ನುತ್ತಾರೆ ದೊಡ್ಡತಾಯಮ್ಮ.

ಈಗ ದೊಡ್ಡತಾಯಮ್ಮನವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಕೆಲಸ ಹೋದೀತೆಂದು ಯಾರಿಗೂ ಹೇಳಿರಲಿಲ್ಲ. ಕಳೆದ ವಾರ ಹಗ್ಗಕ್ಕೆ ಎಡವಿ ಬಿದ್ದು ಗುಟ್ಟು ರಟ್ಟಾಯಿತು. "ಕಣ್ಣು ಕಾಣದೆ ಸುತ್ತಿದ ಹಾಯಿಯಲ್ಲಿ ಮಕ್ಕಳನ್ನ ಹೇಗೆ ಕಳಿಸಲಿ?" ಎಂಬುದು ಹೊಸ ಮ್ಯಾನೇಜರ್ ರವೀಂದ್ರ ಅವರ ಪ್ರಶ್ನೆ. ತಪ್ಪು ಪ್ರಶ್ನೆಯೇನಲ್ಲ. ಇವತ್ತು ಒಂದು ಮಡಿಕೆ ಸಿಕ್ಕರೂ ನಾಳೆಯಿಂದ ದೊಡ್ಡತಾಯಮ್ಮ ಮನೆಯಲ್ಲೇ ಇರಬೇಕು.

ಸುತ್ತಿಟ್ಟ ಹಾಯಿಯನ್ನು ರವೀಂದ್ರ ಪೂರ್ತಿ ಬಿಚ್ಚಿ, ಮಂಡಿಯೂರಿ, ತುದಿಯಿಂದ ಬುಡದವರೆಗೂ ಅಂಗೈ ಆಡಿಸುತ್ತಾರೆ. ವೀಣ ಸೆರಗು ಕಚ್ಚಿಕೊಂಡು ನಿಂತಿದ್ದಾಳೆ. ನಾನೂ ಬಗ್ಗಿ ನೋಡುತ್ತೇನೆ. ಒಂದು ಸುಕ್ಕೂ ಇಲ್ಲ.

"ನಾಳೆ ಸ್ವಲ್ಪ ಬೇಗ ಬನ್ನಿ, ದೊಡ್ಡತಾಯಮ್ಮ. ಗಾಳಿ ಜಾಸ್ತಿಯಂತೆ," ಎಂದು ಅವರು ಏಳುತ್ತಾರೆ.

"ಬತ್ತೀನಿ. ಈಗ ನೀವು ಬಿಚ್ಚಾಕಿದ್ದ ಯಾರ್ ಸುತ್ತೋರು ಸಾ?"

ಎಲ್ಲರೂ ನಗುತ್ತಾರೆ. ಇಬ್ಬರೂ ಮತ್ತೆ ಅಂಚು ಹಿಡಿಯುತ್ತಾರೆ. ಮುಂದಿನ ತಿಂಗಳು ಮಂಡ್ಯದಲ್ಲಿ ಕಣ್ಣಿನ ಆಪರೇಷನ್ ಇದೆ.

"ಕಣ್ ಬಂದ್ಮೇಕೆ ನಾನು ಬಾಯ್ ಮುಚ್ಕಂಡಿರ್ತೀನಿ ಬುಡು ದೊಡ್ಡವ್ವ," ಎಂದು ವೀಣ ಛೇಡಿಸುತ್ತಾಳೆ.

"ಬಾಯ್ ಮುಚ್ಚಬ್ಯಾಡ ಕಣೆ ಮಗ," ಎನ್ನುತ್ತಾರೆ ದೊಡ್ಡತಾಯಮ್ಮ. "ಕಣ್ ಚೆಂದಾಗಿದ್ದಾಗ್ಲೂ ನಾನು ನಂಬ್ಕಂಡಿದ್ದು ನಿನ್ ಕೂಗ್ನೇ."